ಸಾಹೇಬರ ಸಹಿ ಫಿನ್ಲೆಂಡಿಗೆ ಹೋದದ್ದು

ಹೊರಡುವ ಮೊದಲು

ಫಾರಿನ್ನಿಗೆ ಹೋಗಿ ಬಂದವರು ಮೊಬೈಲ್ ಹಿಡಿದು ಒಂದು ಗಂಟೆ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ತೋರಿಸುವಂಥದ್ದು ಇರುವುದು ಒಂದೇ ಫೋಟೋ, ಅದೂ ಒಂದು ಕಾಫಿ ಕೋಣೆಯ ಬಾಗಿಲಿನದು. ಬಾದನಹಟ್ಟಿಯ ನಮ್ಮ ಓಣಿಯವರು ಅದನ್ನು ನೋಡಿ, "ಈ ಬಾಗ್ಲಾ ನೋಡಾಕ ಅಷ್ಟು ದೂರ ಹೋಗಿದ್ದೇನವಾ ಹುಲಿಗೆಮ್ಮಾ?" ಅಂತ ನಕ್ಕರು. ಹೌದು, ಅದನ್ನು ನೋಡಲಿಕ್ಕೇ ಹೋಗಿದ್ದೆ. ದಂಡದ ಪ್ರಯಾಣ ಅಂತ ಯಾರಾದರೂ ಅಂದರೆ ಜಗಳಕ್ಕೆ ಬರಲಿ, ನಾನು ಸೆರಗು ಸಿಕ್ಕಿಸಿಕೊಂಡೇ ನಿಂತಿದ್ದೇನೆ.

ನಾನು ಒಂದು ಊರಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರು. ಹೊರಗುತ್ತಿಗೆ ನೌಕರಿ, ವರ್ಷಕ್ಕೊಮ್ಮೆ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಫೀಸು ಯಾವುದು ಅಂತ ಹೇಳುವುದಿಲ್ಲ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಈ ಮೂರರ ನಡುವೆ ಎಲ್ಲೋ ಇದೆ ಅಂತ ಇಟ್ಟುಕೊಳ್ಳಿ. ಜನನ ಪತ್ರ, ಮರಣ ಪತ್ರ, ಮನೆಯ ಖಾತೆ ಇವಕ್ಕೆಲ್ಲ ಜನ ಬರುತ್ತಾರೆ. ಅರ್ಜಿಯನ್ನು ನಾನು ಕಂಪ್ಯೂಟರಿಗೆ ಏರಿಸುತ್ತೇನೆ, ಸಾಹೇಬರು ಡಿಜಿಟಲ್ ಸಹಿ ಹಾಕುತ್ತಾರೆ. ಇದು ಕಾಗದದ ಮೇಲಿನ ಮಾತು. ನಿಜ ಹೇಳಬೇಕೆಂದರೆ ಆ ಸಹಿಯನ್ನೂ ನಾನೇ ಹಾಕುತ್ತಿದ್ದೆ.

ಸಾಹೇಬರ ಸಹಿ ಅಂದರೆ ಪೆನ್‌ಡ್ರೈವಿನಂಥ ಒಂದು ಸಣ್ಣ ಕೀ. ಕಂಪ್ಯೂಟರಿಗೆ ಸಿಕ್ಕಿಸಿ ಗುಟ್ಟಿನ ನಂಬರು ಒತ್ತಿದರೆ ಸಹಿ ಬಿತ್ತು. ಸಾಹೇಬರಿಗೆ ಮೂರು ಊರಿನ ಚಾರ್ಜು, ವಾರದಲ್ಲಿ ಅರ್ಧ ಬಳ್ಳಾರಿಯ ಮೀಟಿಂಗು. ಕೀ ಅವರ ಜೇಬಿನಲ್ಲಿ ಹೋದರೆ ಜನ ಸಂಜೆಯವರೆಗೆ ಕಟ್ಟೆಯ ಮೇಲೆ ಕೂರಬೇಕು. ಹಾಗಾಗಿ ಕೀ ಆಪರೇಟರ ಹತ್ತಿರ, ನಂಬರು ಗೋಡೆಯ ಕ್ಯಾಲೆಂಡರಿನ ಹಿಂದೆ. ಖಾಜಣ್ಣನ ನೌಕರಿ ಹೋಗುವ ತನಕ ಇದು ಯಾರಿಗೂ ತಪ್ಪು ಅನ್ನಿಸಿರಲಿಲ್ಲ.

ಖಾಜಣ್ಣ ನನಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದವನು. ನಾನು ಅವನ ಕೈಕೆಳಗೆ ಟೈಪ್ ಮಾಡಲು ಸೇರಿದ್ದೆ. ಕೆಲಸ ಕಲಿಸಿದವನೇ ಅವನು. ಒಂದು ದಿನ ಸಾಹೇಬರು ಬಳ್ಳಾರಿಯಿಂದ ಫೋನ್ ಮಾಡಿ, "ಪೆಂಡಿಂಗ್ ಇರೋವೆಲ್ಲ ಒತ್ತಿಬಿಡಪಾ" ಅಂದರು. ಒತ್ತಿದ. ಅದರಲ್ಲಿ ಒಂದು ಮರಣ ಪತ್ರದಲ್ಲಿ, ಸತ್ತ ಹೆಂಗಸಿನ ಹೆಸರಿನ ಜಾಗದಲ್ಲಿ ಆಕೆಯ ತಂಗಿಯ ಹೆಸರು ಬಿದ್ದಿತ್ತು. ಆ ತಂಗಿ ಒಂದು ದಿನ ಆಫೀಸಿಗೇ ಬಂದು, "ನಾ ಸತ್ತೀನಂತಲ್ರಿ, ಹೌದೇನ್ರಿ?" ಅಂತ ಕೇಳಿದಳು. ವಿಚಾರಣೆ ಬಂತು. "ಆ ದಿನ ನಾ ಬಳ್ಳಾರಿ ಮೀಟಿಂಗಿನಾಗಿದ್ದೆ, ಸಹಿ ಹೆಂಗ ಹಾಕ್ಲಿ?" ಅಂದರು ಸಾಹೇಬರು. ಅದೇನೂ ಸುಳ್ಳಲ್ಲ. ಕೀ ಕದ್ದು ಬಳಸಿದ ಅಂತ ಬರೆದು ಖಾಜಣ್ಣನನ್ನು ತೆಗೆದರು, ಯಾವ ಆಫೀಸೂ ಸೇರಿಸಿಕೊಳ್ಳದ ಹಾಗೆ ಕಪ್ಪುಪಟ್ಟಿಗೂ ಹಾಕಿದರು. ಈಗ ಅವನು ಸಿರುಗುಪ್ಪದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ವಿಚಾರಣೆಯ ಫೈಲು ಮಾತ್ರ ಬಳ್ಳಾರಿಯಲ್ಲಿ ಇನ್ನೂ ಮುಚ್ಚಿಲ್ಲ. ಅವತ್ತು ನನ್ನ ಹೇಳಿಕೆ ಕೇಳಿದಾಗ ನಾನು, "ನಂಗೇನೂ ಗೊತ್ತಿಲ್ರಿ" ಅಂದಿದ್ದೆ. ಕುರ್ಚಿ ನನಗೆ ಸಿಕ್ಕಿತು, ಕೀ ಕೂಡ.

ಇನ್ನು ಫಿನ್ಲೆಂಡಿನ ವಿಷಯ. ಸಣ್ಣ ಊರುಗಳ ಆಫೀಸಿನವರಿಗೆ ಕಂಪ್ಯೂಟರಿನ ದಾಖಲೆ ಕಾಪಾಡುವುದನ್ನು ಕಲಿಸುತ್ತೇವೆ ಅಂತ ಹೊರದೇಶದ ಒಂದು ಸಂಸ್ಥೆ ಅರ್ಜಿ ಕರೆದಿತ್ತು. ಸಾಹೇಬರ ಹೆಸರಿನಲ್ಲಿ ಅರ್ಜಿ ತುಂಬಿದವಳು ನಾನು, ಆನ್‌ಲೈನ್ ಪರೀಕ್ಷೆ ಬರೆದವಳೂ ನಾನು. ಪಾಸಾದರು. ಆಮೇಲೆ ವಿಡಿಯೋ ಸಂದರ್ಶನದಲ್ಲಿ, ನಿಮ್ಮ ಕೆಲಸದ ಪರದೆಯನ್ನು ನೀವೇ ತೆರೆದು ತೋರಿಸಿ ಅಂದರು. ಸಾಹೇಬರು ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ಹುಲಿಗೆಮ್ಮಾ, ಎಲ್ಲಿ ಒತ್ಲಿ?" ಅಂದುಬಿಟ್ಟರು. ಆ ಕಡೆಯ ಹೆಂಗಸು, ಪಕ್ಕದಲ್ಲಿ ಇರುವವರು ಯಾರು, ಕ್ಯಾಮೆರಾ ಅವರ ಕಡೆ ತಿರುಗಿಸಿ ಅಂದಳು. ಟಿಕೆಟ್ ನನ್ನ ಹೆಸರಿಗೆ ಬಂತು. ಸಾಹೇಬರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಹೋಗಿ ಬಾರಮ್ಮ. ಊರ ಮರ್ಯಾದಿ ಕಳೀಬ್ಯಾಡ" ಅಂದರು.

ಹೆಲ್ಸಿಂಕಿ ವಿಮಾನ ನಿಲ್ದಾಣ

ವಿಮಾನದ ವರ್ಣನೆ ಬೇಡ. ಕುರುಗೋಡಿನಿಂದ ಬಳ್ಳಾರಿಗೆ ಬೆಳಗಿನ ಬಸ್ಸಿನಲ್ಲಿ ನಿಂತು ಹೋದವರಿಗೆ ವಿಮಾನದಲ್ಲಿ ಕಷ್ಟಪಡುವಂಥದ್ದು ಏನೂ ಇಲ್ಲ.

ಹೆಲ್ಸಿಂಕಿಯಲ್ಲಿ ನನ್ನ ಚೀಲ ತೆಗೆಸಿದರು. ಕಾರಣ ಶೇಂಗಾ ಚಟ್ನಿಪುಡಿ. ಕೈಗವಸು ಹಾಕಿಕೊಂಡ ಒಬ್ಬ ಹುಡುಗಿ ಪೊಟ್ಟಣವನ್ನು ಎತ್ತಿ ಮೂಸಿ ನೋಡಿ ಮೂರು ಸಲ ಸೀನಿದಳು. ಇದು ತಿನ್ನುವುದು ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಅಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಆಮೇಲೆ ಅವಳು ಚೀಲದ ಮೂಲೆಯಿಂದ ನನ್ನ ಮನೆಯ ಕೀಗೊಂಚಲು ತೆಗೆದು ಮೇಜಿನ ಮೇಲಿಟ್ಟಳು. ಬೀಗದ ಕೀಗಳ ನಡುವೆ ಸಾಹೇಬರ ಸಹಿ ಜೋತಾಡುತ್ತಿತ್ತು. ಅದರ ಮೇಲೆ ಅವರ ಹೆಸರಿನ ಚೀಟಿ, ನನ್ನದೇ ಅಕ್ಷರದಲ್ಲಿ.

ಅದು ನನ್ನ ಮನೆಯ ಗೊಂಚಲಿಗೆ ಬಂದದ್ದಕ್ಕೂ ಒಂದು ಕಥೆ ಇದೆ. ನಮ್ಮ ಆಫೀಸಿನ ಅಟೆಂಡರು ಒಮ್ಮೆ ಅದನ್ನು ಪೆನ್‌ಡ್ರೈವ್ ಅಂದುಕೊಂಡು ಮನೆಗೆ ಒಯ್ದು ಟಿವಿಗೆ ಸಿಕ್ಕಿಸಿದ್ದ. ಮಾರನೆಯ ದಿನ ಬಂದು, "ಇದ್ರಾಗ ಒಂದೂ ಸಿನಿಮಾ ಇಲ್ಲಲ್ಲವಾ" ಅಂತ ನನ್ನ ಮೇಲೇ ಸಿಟ್ಟಾದ. ಅವತ್ತಿನಿಂದ ನಾನು ಕೀಯನ್ನು ಗೊಂಚಲಿಗೆ ಕಟ್ಟಿಕೊಂಡು ದಿನಾ ಮನೆಗೆ ಒಯ್ಯುತ್ತಿದ್ದೆ. ಹೊರಡುವ ಗಡಿಬಿಡಿಯಲ್ಲಿ ಬದಲಿಗೆ ಬಂದ ಹುಡುಗಿಗೆ ಅಲಮಾರಿಯ ಬೀಗದ ಕೈ ಕೊಟ್ಟೆ, ನಂಬರು ಹೇಳಿದೆ, ಸಹಿ ಕೊಡುವುದನ್ನೇ ಮರೆತೆ. ತಕ್ಷಣ ಫೋನ್ ಮಾಡಿ ಹೇಳಬೇಕಿತ್ತು. ಹೆದರಿ ಹೇಳಲಿಲ್ಲ. ತಮಾಷೆಯೆಂದರೆ ಸಾಹೇಬರಿಗೂ ತಮ್ಮ ಸಹಿ ಊರಲ್ಲಿ ಇಲ್ಲ ಅಂತ ಮೂರು ದಿನ ಗೊತ್ತಾಗಲಿಲ್ಲ.

ಕೆರೆಯ ಪಕ್ಕದ ಊರು, ಮೊದಲ ಎರಡು ದಿನ

ನಮ್ಮನ್ನು ಕಳಿಸಿದ್ದು ಹೆಲ್ಸಿಂಕಿಯಿಂದ ಮೂರು ತಾಸು ದೂರದ ಒಂದು ಸಣ್ಣ ಊರಿಗೆ. ಅದರ ಹೆಸರು ಹೇಳಲು ಹೋಗಿ ಮೊದಲ ದಿನವೇ ನಾಲಿಗೆ ಕಚ್ಚಿಕೊಂಡೆ, ಮತ್ತೆ ಆ ಸಾಹಸ ಮಾಡಲಿಲ್ಲ. ಬೇರೆ ಬೇರೆ ದೇಶದಿಂದ ಬಂದ ಆರು ಜನ ನಾವು. ನಾನು ಉಳಿದದ್ದು ಐಲಾ ಎಂಬವಳ ಮನೆಯಲ್ಲಿ. ನಮ್ಮ ದೊಡ್ಡವ್ವನ ವಯಸ್ಸು, ಊರಿನ ಆಫೀಸಿನ ಕೌಂಟರಿನಲ್ಲಿ ಕೆಲಸ, ಸೈಕಲ್ ಮೇಲೆ ಓಡಾಟ. ಅವಳ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಸೊಟ್ಟಗಿತ್ತು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಅವಳ ಮನೆಯ ರೊಟ್ಟಿ ನಮ್ಮ ಖಡಕ್ ರೊಟ್ಟಿಯ ಅಕ್ಕನ ಹಾಗಿತ್ತು. ಕಪ್ಪು ಬಣ್ಣ, ನಡುವೆ ತೂತು. ಚಟ್ನಿಪುಡಿ ಹಚ್ಚಿ ತಿಂದೆವು. ಐಲಾಳ ಕಣ್ಣಲ್ಲಿ ನೀರು ಬಂದರೂ ಎರಡನೆಯ ಸಲ ನೀಡಿಸಿಕೊಂಡಳು.

ಈ ಜನ ಬಿಸಿ ಕೋಣೆಯಲ್ಲಿ ಕೂತು ಬೆವರುವುದನ್ನು ಹಬ್ಬದ ಹಾಗೆ ಮಾಡುತ್ತಾರೆ. ಸೌನಾ ಅಂತ ಅದರ ಹೆಸರು. ನಿನಗೆ ತಡೆಯಲಿಕ್ಕೆ ಆಗುತ್ತದಾ, ಅಂತ ಐಲಾಳ ಗೆಳತಿಯರು ಕನಿಕರದಿಂದ ಕೇಳಿದರು. ನಾನು ಬಳ್ಳಾರಿ ಕಡೆಯವಳು. ನಮ್ಮಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ನೈಟಿ ಹಾಕಿಕೊಂಡು ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಕಾಲು ಮಡಚಿ ಕೂತೆ. ಅವರೆಲ್ಲ ಒಬ್ಬೊಬ್ಬರಾಗಿ ಉಸ್ಸಪ್ಪಾ ಅಂತ ಓಡಿ ಹೋಗಿ ಕೆರೆಗೆ ಬಿದ್ದರು. ನಾನು ಒಳಗೇ ಕೂತು ಊರಿಂದ ಯಾವಾಗ ಫೋನ್ ಬರುತ್ತದೋ ಅಂತ ಯೋಚಿಸುತ್ತಿದ್ದೆ.

ಪಾಠ ಶುರುವಾದ ದಿನ ನನಗೆ ಸಿಟ್ಟು ಬಂತು. ಪರದೆಯ ಮೇಲೆ "ಹಳೆಯ ರೀತಿ" ಅಂತ ಒಂದು ಚಿತ್ರ. ಧೂಳು ಹಿಡಿದ ಫೈಲಿನ ಗುಡ್ಡ, ಅದರ ಹಿಂದೆ ಪಂಚೆ ಉಟ್ಟ ಒಬ್ಬ ಗುಮಾಸ್ತ, ಕಿಟಕಿಯ ಹೊರಗೆ ನುಗ್ಗಾಡುವ ಜನ. ಕೈ ಎತ್ತಿ ಹೇಳಿದೆ: ನಮ್ಮ ಆಫೀಸಿನಲ್ಲಿ ಫೈಲು ಇಷ್ಟಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಇದೆ. ಜನ ನುಗ್ಗುವುದೂ ಇಲ್ಲ. ಚೀಲವನ್ನೋ ಚಪ್ಪಲಿಯನ್ನೋ ಸಾಲಿನಲ್ಲಿಟ್ಟು ನೆರಳಿಗೆ ಹೋಗಿ ಕೂರುತ್ತಾರೆ, ಚಪ್ಪಲಿಯ ಸರದಿಯನ್ನು ಯಾರೂ ತಪ್ಪಿಸುವುದಿಲ್ಲ. ನಿಮ್ಮ ಇಡೀ ಊರಿನ ಜನ ನಮ್ಮ ಒಂದು ಸಂತೆಯಲ್ಲಿ ಕಾಣದೆ ಹೋಗುತ್ತಾರೆ. ಮೊದಲು ಆ ಜನಕ್ಕೆ ಕೆಲಸ ಮಾಡಿ ತೋರಿಸಿ, ಆಮೇಲೆ ಚಿತ್ರ ಹಾಕಿ.

ಆ ಊರಿನ ಆಫೀಸಿನ ಮುಖ್ಯಸ್ಥ ಪೆಕ್ಕಾ ಅಂತ, ಎತ್ತರದ ಮನುಷ್ಯ. ಅವನು ಎದ್ದು ಬಂದು ಆ ಚಿತ್ರ ತೆಗೆಸಿದ. ಚಪ್ಪಲಿಯ ವಿಷಯ ಇನ್ನೊಮ್ಮೆ ಹೇಳಿಸಿಕೊಂಡು ಪುಸ್ತಕದಲ್ಲಿ ಬರೆದುಕೊಂಡ.

ಆಮೇಲೆ ತೋರಿಸಿದ್ದೇ ಆ ಬಾಗಿಲು. ಅಲ್ಲಿ ಪ್ರತಿಯೊಬ್ಬರ ಕೊರಳಲ್ಲಿ ಒಂದು ಕಾರ್ಡು. ಆ ಕಾರ್ಡು ಕಂಪ್ಯೂಟರಿನಲ್ಲಿ ಸಿಕ್ಕಿಸಿದ್ದರೆ ಮಾತ್ರ ಕೆಲಸ. ಎಳೆದರೆ ಪರದೆ ಮುಚ್ಚುತ್ತದೆ. ಕಾಫಿ ಕೋಣೆಯ ಬಾಗಿಲು ತೆರೆಯಲಿಕ್ಕೂ ಅದೇ ಕಾರ್ಡು ಬೇಕು. ಕಾಫಿಯ ಆಸೆಗೆ ಕಾರ್ಡು ಎಳೆದುಕೊಂಡು ಏಳಲೇಬೇಕು, ಹಾಗಾಗಿ ತೆರೆದ ಕಂಪ್ಯೂಟರು ಬಿಟ್ಟು ಯಾರೂ ಹೋಗುವುದಿಲ್ಲ. ನಿಯಮ ಬರೆದು ಗೋಡೆಗೆ ಅಂಟಿಸಿದಾಗ ಯಾರೂ ಕೇಳಲಿಲ್ಲ, ಕಾಫಿಗೆ ಬೀಗ ಹಾಕಿದ ಮೇಲೆ ಕೇಳಿದರು ಅಂತ ಐಲಾ ನಕ್ಕಳು. ನಮ್ಮಲ್ಲಿ ಈ ಉಪಾಯ ನಡೆಯುವುದಿಲ್ಲ, ಯಾಕೆಂದರೆ ಚಹಾ ನಮ್ಮ ಟೇಬಲ್ಲಿಗೇ ಬರುತ್ತದೆ. ಆದರೆ ಪೆಕ್ಕಾ ಒಂದು ದಿನ ಕಾರ್ಡು ಮನೆಯಲ್ಲಿ ಮರೆತು ಬಂದಾಗ ಕಾಫಿ ಕೋಣೆಯ ಹೊರಗೆ ಬಾಗಿಲು ಬಡಿಯುತ್ತಾ ನಿಂತಿದ್ದನಂತೆ, ಒಳಗಿದ್ದವರು ತಮ್ಮ ಕಾರ್ಡು ಕೊಡಲಿಲ್ಲವಂತೆ. ಅದನ್ನು ಕೇಳಿದ ಮೇಲೆ ಆ ಬಾಗಿಲಿನ ಫೋಟೋ ತೆಗೆದುಕೊಂಡೆ.

ಬುಧವಾರ, ಬಸ್ ಸ್ಟಾಪು

ಆ ದೇಶದಲ್ಲಿ ಬಸ್ಸಿಗೆ ಕಾಯುವವರು ಒಬ್ಬರಿಂದ ಒಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ನಡುವೆ ನಿಂತು ಮಾತಾಡಿಸಿದರೆ, ಸಾಲ ಕೇಳಲು ಬಂದವರನ್ನು ನೋಡಿದ ಹಾಗೆ ನೋಡುತ್ತಾರೆ. ಅಂಥ ಮೌನದ ನಡುವೆ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಫೋನು ಒದರಿತು. ಸಾಹೇಬರು. ಊರಲ್ಲಿ ಆಗ ಹತ್ತೂವರೆ, ಕೌಂಟರು ತೆಗೆಯುವ ಹೊತ್ತು.

"ಕೀ ಎಲ್ಲೈತಮ್ಮಾ?"

"ನನ್ನ ಹತ್ರ ಐತ್ರಿ ಸಾರ್."

"ನಿನ್ನ ಹತ್ರ ಅಂದ್ರ ಎಲ್ಲಿ?"

"ಫಿನ್ಲೆಂಡಿನ್ಯಾಗ್ರಿ."

"ನನ್ನ ಸಹಿ ಅಲ್ಲಿಗ್ಯಾಕ ಹೋತು?" ಅಂದರು. ನಾನು ಗೊಂಚಲಿನ ಕಥೆ ಹೇಳಲು ಹೊರಟೆ, ಅವರಿಗೆ ಅಷ್ಟು ವ್ಯವಧಾನ ಇರಲಿಲ್ಲ.

"ಹೋದ್ರ ಹೋತು ಬಿಡು. ಲ್ಯಾಪ್‌ಟಾಪ್ ಒಯ್ದೀಯಲ್ಲ? ಅಲ್ಲಿಂದಾನೇ ನಮ್ಮ ಕಂಪ್ಯೂಟರ್ ತಗೀ. ಪೆಂಡಿಂಗ್ ಇರೋವೆಲ್ಲ ಒತ್ತಿಬಿಡು."

ದೂರದಿಂದಲೇ ಆಫೀಸಿನ ಕಂಪ್ಯೂಟರು ತೆರೆಯುವ ಸಾಫ್ಟ್‌ವೇರ್ ಹಾಕಿಟ್ಟವಳು ನಾನೇ. ಐದು ನಿಮಿಷದ ಕೆಲಸ. ಆದರೆ ಖಾಜಣ್ಣನಿಗೆ ಹೇಳಿದ್ದೂ ಇವೇ ಮಾತು, ಅಕ್ಷರ ಕೂಡ ಬದಲಾಗಿರಲಿಲ್ಲ. ನನ್ನ ಮೈ ಉರಿಯಿತು.

"ಒಲ್ಲೆ ಸಾರ್."

"ಏನಂದಿ?"

"ಒಲ್ಲೆ ಅಂದೆ ಸಾರ್. ನಾ ಒತ್ತೂದಿಲ್ಲ."

"ಲೇ ಹುಲಿಗೆಮ್ಮ, ರಾರಾವಿ ಊರಾಕಿ ಒಬ್ಬಾಕಿ ಕೂಸಿನ್ನ ಕರ್ಕೊಂಡು ಮೂರನೇ ಸಲ ಬಂದಾಳ. ಜನನ ಪತ್ರ ಇಲ್ದ ಸಾಲಿಗೆ ಸೇರಿಸ್ಕೊಳ್ಳಂಗಿಲ್ಲ ಅಂದಾರಂತ. ಆಕಿಗೇನ್ ಹೇಳ್ಲಿ?"

ಇದು ನೋಯುವ ಜಾಗಕ್ಕೇ ಬಿದ್ದ ಏಟು. ಆ ಹೆಂಗಸನ್ನು ನಾನು ಬಲ್ಲೆ. ಅವಳ ಅರ್ಜಿ ಏರಿಸಿದವಳು ನಾನೇ. ಹೇಳಿದೆ: "ಅದನ್ನ ನೀವೇ ಹೇಳ್ರಿ ಸಾರ್. ಇವತ್ತೇ ಫೋನ್ ಮಾಡಿ ಈ ಕೀ ಬಂದ್ ಮಾಡಿಸ್ರಿ. ಬಳ್ಳಾರಿಗೆ ಹೋಗಿ ನಿಮ್ಮ ಮುಖ ತೋರಿಸಿ ಹೊಸಾ ಕೀ ತಗೋರಿ. ಎರಡು ದಿನದಾಗ ಕೊಡ್ತಾರ."

"ಮೀಟಿಂಗ್ ಬಿಟ್ಟು ಹೋಗ್ಲೇನು?"

"ಹೋಗ್ರಿ ಸಾರ್. ಸಹಿ ನಿಮ್ದಲ್ಲ?"

"ತಿಂಗ್ಳ ಕೊನಿಗೆ ನಿನ್ನ ಗುತ್ತಿಗಿ ಫೈಲು ನನ್ನ ಟೇಬಲ್ ಮ್ಯಾಲೆ ಬರ್ತೈತಿ. ನೆನಪಿಟ್ಗೋ."

"ಅದಕ್ಕೂ ನೀವೇ ಸಹಿ ಹಾಕ್ಬೇಕಾಗ್ತೈತಿ ಸಾರ್. ಆ ಕೀ ನನ್ನ ಹತ್ರಾನೇ ಐತಿ."

ಫೋನ್ ಇಟ್ಟರು. ನಾಲ್ಕೂರಿಗೆ ಕೇಳುವ ಹಾಗೆ ಕೂಗಿದ್ದೆನೋ ಏನೋ, ಬಸ್ ಸ್ಟಾಪಿನವರೆಲ್ಲ ಇನ್ನೂ ಎರಡು ಮಾರು ಹಿಂದೆ ಸರಿದಿದ್ದರು. ನನಗಾಗಿ ಸೈಕಲ್ ಬಿಟ್ಟು ಬಂದಿದ್ದ ಐಲಾ ಮಾತ್ರ ಹತ್ತಿರ ಬಂದು ನಿಂತಳು. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ನನ್ನ ಸಂಬಳದ ಮೇಲೆ ಮನೆಯಲ್ಲಿ ನಾಲ್ಕು ಹೊಟ್ಟೆ ಇವೆ. ಆದರೆ ಆ ಹೊತ್ತಿಗೆ ನೆನಪಾದದ್ದು ನಮ್ಮ ತಾತ. ಅವನಿಗೆ ಓದು ಬರಹ ಇರಲಿಲ್ಲ. ಯಾರೋ ದೊಡ್ಡವರು ಕರೆದು ಹೆಬ್ಬೆಟ್ಟು ಒತ್ತು ಅಂದಾಗ ನಂಬಿ ಒತ್ತಿದ್ದ. ನಮ್ಮ ಹಿತ್ತಲು ಇನ್ನೊಬ್ಬರದಾದ ಮೇಲೆ ಅದು ಯಾವ ಕಾಗದ ಅಂತ ಗೊತ್ತಾಯಿತು. ಹೆಣ್ಣಾದರೂ ಚಿಂತೆಯಿಲ್ಲ, ಇವಳು ಸಹಿ ಮಾಡುವಷ್ಟು ಓದಲೇಬೇಕು ಅಂತ ನನ್ನನ್ನು ಶಾಲೆಗೆ ಹಾಕಿದವನು ಅವನೇ. ಓದಿ ನಾನು ಮೂರು ವರ್ಷ ಮಾಡಿದ್ದು ಬೇರೆಯವರ ಸಹಿ.

ಶುಕ್ರವಾರ, ತಪ್ಪಿನ ಕಾಫಿ

ಆ ಆಫೀಸಿನಲ್ಲಿ ಶುಕ್ರವಾರ ಮಧ್ಯಾಹ್ನ ಎಲ್ಲರೂ ಕಾಫಿ ಕೋಣೆಯಲ್ಲಿ ಕೂತು ಆ ವಾರ ತಾವು ಮಾಡಿದ ತಪ್ಪು ಹೇಳುತ್ತಾರೆ. ಇದಕ್ಕೆ ತಪ್ಪಿನ ಕಾಫಿ ಅಂತಲೇ ಹೆಸರು. ಮೊದಲು ಹೇಳಬೇಕಾದವನು ಮುಖ್ಯಸ್ಥ. ಪೆಕ್ಕಾ ನಿಂತು ಹೇಳಿದ: ದಾಲ್ಚಿನ್ನಿ ಬನ್ ಪುಕ್ಕಟೆ ಅಂತ ಒಂದು ಮೇಲ್ ಬಂತು, ಒತ್ತಿದೆ. ಅದು ನಮ್ಮನ್ನು ಪರೀಕ್ಷೆ ಮಾಡಲು ನಮ್ಮವರೇ ಕಳಿಸಿದ ಸುಳ್ಳು ಮೇಲ್. ಮೋಸ ಹೋದವನು ನಾನೊಬ್ಬನೇ. ಎಲ್ಲರೂ ನಕ್ಕರು, ಅವನೂ ನಕ್ಕ. ಯಾರ ಕುರ್ಚಿಯೂ ಹೋಗಲಿಲ್ಲ. ನನಗೆ ಹೊಟ್ಟೆ ಉರಿಯಿತು.

ಅತಿಥಿಗಳೂ ಹೇಳಬಹುದು ಅಂದರು. ನಾನು ಗೊಂಚಲು ತೆಗೆದು ಮೇಜಿನ ಮೇಲಿಟ್ಟೆ. ಇದು ನಮ್ಮ ಸಾಹೇಬರ ಸಹಿ, ಇದನ್ನು ಮೂರು ವರ್ಷದಿಂದ ನಾನು ಹಾಕುತ್ತಿದ್ದೇನೆ ಅಂದೆ. ಖಾಜಣ್ಣನ ಕಥೆಯನ್ನೂ ಹೇಳಿದೆ.

"ಆಗ ನೀನು ಏನು ಹೇಳಿದೆ?" ಅಂತ ಐಲಾ ಕೇಳಿದಳು.

"ನನಗೆ ಗೊತ್ತಿಲ್ಲ ಅಂತ ಹೇಳಿದೆ."

ಹೇಳಿದ ತಕ್ಷಣ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟನ್ನೇ ಮುಂದೆ ಮಾಡಿದೆ. "ನಿಮ್ಮಲ್ಲಿ ತಪ್ಪು ಒಪ್ಪಿಕೊಂಡವರಿಗೆ ಕಾಫಿ ಕೊಡುತ್ತೀರಿ. ನಮ್ಮಲ್ಲಿ ಮನೆಗೆ ಕಳಿಸುತ್ತಾರೆ. ಇಲ್ಲಿ ಕೂತು ನೀನು ಏನು ಹೇಳಿದೆ ಅಂತ ಕೇಳುವುದು ಸುಲಭ."

ಐಲಾ ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ನಿಧಾನವಾಗಿ ಹೇಳಿದಳು. ಪೆಕ್ಕಾನಿಗಿಂತ ಹಿಂದೆ ಇದ್ದ ಮುಖ್ಯಸ್ಥ ತನ್ನ ಕಾರ್ಡನ್ನು ಅವಳ ಕೈಗೆ ಕೊಟ್ಟು ಮೀನು ಹಿಡಿಯಲು ಹೋಗುತ್ತಿದ್ದನಂತೆ. ಅವಳು ಅದನ್ನು ಮೇಲಿನವರಿಗೆ ಬರೆದುಕೊಟ್ಟಳು. ಅವಳನ್ನು ಕೌಂಟರಿನಿಂದ ತೆಗೆದು, ಪಾರ್ಕುಗಳಲ್ಲಿ ಎಷ್ಟು ಬೆಂಚು ಮುರಿದಿವೆ ಅಂತ ಎಣಿಸುವ ಕೆಲಸಕ್ಕೆ ಹಾಕಿದರು. ಎರಡು ಚಳಿಗಾಲ ಹಿಮದಲ್ಲಿ ನಡೆದು ಬೆಂಚು ಎಣಿಸಿದಳಂತೆ. "ಆಗ ಈ ಶುಕ್ರವಾರದ ಕಾಫಿ ಇರಲಿಲ್ಲ" ಅಂದಳು.

ವಾಪಸು ಬರುವ ವಿಮಾನದಲ್ಲಿ ಊಟದ ತಟ್ಟೆ ಇಡುವ ಹಲಗೆ ಬಿಚ್ಚಿಕೊಂಡು, ಬಳ್ಳಾರಿಯ ಆ ವಿಚಾರಣೆಯ ಫೈಲಿಗೆ ಹೊಸ ಹೇಳಿಕೆ ಬರೆಯಲು ಕೂತೆ. ಎರಡು ಪುಟ ಆಯಿತು. ಸಾಹೇಬರ ಕೀ ಯಾವಾಗಲೂ ಆಪರೇಟರ ಹತ್ತಿರ ಇರುತ್ತಿತ್ತು ಅಂತ ಬರೆದೆ. ಅವತ್ತು ಸಾಹೇಬರು ಖಾಜಣ್ಣನಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದೆ ಅಂತ ಬರೆದೆ. ಖಾಜಾ ಹುಸೇನ್ ಕದಿಯಲಿಲ್ಲ, ಅವರ ನಂತರ ಮೂರು ವರ್ಷ ನಾನೂ ಅದೇ ರೀತಿ ಒತ್ತಿದ್ದೇನೆ, ನನ್ನ ಮೊದಲಿನ ಹೇಳಿಕೆ ಸುಳ್ಳು ಅಂತಲೂ ಬರೆದೆ. ಪಕ್ಕದ ಸೀಟಿನವರು ಮನೆಗೆ ಪತ್ರವಾ ಅಂತ ಕೇಳಿದರು. ಹೌದು ಅಂದೆ.

ಆಫೀಸು, ಆಮೇಲೆ ಸಿರುಗುಪ್ಪ

ಸೋಮವಾರ ಹೋದಾಗ ಸಾಹೇಬರು ನನ್ನ ಕೌಂಟರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೊಸ ಕೀ ಬಂದಿತ್ತು. ಒಂದೇ ಬೆರಳಿನಲ್ಲಿ ನಂಬರು ಒತ್ತುತ್ತಿದ್ದರು, ಪ್ರತಿ ಸಲ ಕನ್ನಡಕ ಎತ್ತಿ ಪರದೆ ನೋಡುತ್ತಿದ್ದರು. ರಾರಾವಿಯವಳಿಗೆ ಶನಿವಾರ ಪತ್ರ ಸಿಕ್ಕಿತ್ತಂತೆ. ಕೂಸಿನ ಹೆಸರು ತಪ್ಪಿದ್ದನ್ನು ಸಾಹೇಬರೇ ಓದಿ ಹಿಡಿದರಂತೆ, ಒತ್ತುವ ಮುಂಚೆ. ಇದನ್ನು ಅಟೆಂಡರು ನನ್ನ ಕಿವಿಯಲ್ಲಿ ಹೇಳಿದ.

ನನ್ನನ್ನು ನೋಡಿದ ಕೂಡಲೇ ಅವರು ಎದ್ದು ಕೀಯನ್ನು ನನ್ನ ಕಡೆ ಸರಿಸಿದರು. "ಬಂದೇನಮ್ಮ? ತಗೋ, ಮೊದ್ಲಿನಂಗ ನೋಡ್ಕೋ. ನಂಗ ಮೀಟಿಂಗ್ ಐತಿ." ಸಿಟ್ಟು ಇಳಿದಿತ್ತು. ಅದೇ ಕಷ್ಟ, ಬೈದಿದ್ದರೆ ಸುಲಭವಾಗುತ್ತಿತ್ತು. ಕೆಟ್ಟ ಮನುಷ್ಯ ಅಲ್ಲ ಅವರು. ಮೂರು ಊರು ಹೊತ್ತುಕೊಂಡು ಸೊಂಟ ಬಿದ್ದ ಮನುಷ್ಯ.

"ನಿಮ್ಮ ಹತ್ರಾನೇ ಇರ್ಲಿ ಸಾರ್" ಅಂತ ಕೀ ವಾಪಸು ಸರಿಸಿದೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಹಿಂದೆ ನಿಂತಿದ್ದ ಒಬ್ಬ ಮುದುಕಿ, "ಯಾರಾರ ಒಬ್ರು ಒತ್ರಪಾ, ಬಸ್ ಹೋಗ್ತೈತಿ" ಅಂದಳು. ಸಾಹೇಬರು ಮತ್ತೆ ಕೂತು ಒತ್ತಿದರು. ಮುದುಕಿಯ ಪತ್ರ ಕೊಟ್ಟ ಮೇಲೆ ನಾನು ಬರೆದ ಎರಡು ಪುಟ ಅವರ ಮುಂದಿಟ್ಟೆ. ಓದಿದರು. "ಇದು ಬಳ್ಳಾರಿಗೆ ಹೋದ್ರ ನಾನೂ ಹೋದೆ, ನೀನೂ ಹೋದಿ" ಅಂದರು. "ಖಾಜಣ್ಣ ಆಗ್ಲೇ ಹೋಗ್ಯಾನಲ್ಲ ಸಾರ್" ಅಂದೆ.

ಸಂಜೆ ಸಿರುಗುಪ್ಪಕ್ಕೆ ಹೋದೆ. ಖಾಜಣ್ಣನ ಅಂಗಡಿಯಲ್ಲಿ ಜನ ಇರಲಿಲ್ಲ. ಎರಡು ಪುಟ ಕೊಟ್ಟು, ಮೂರು ಕಾಪಿ ಅಂದೆ. ಅವನು ಗಾಜಿನ ಮೇಲೆ ಕಾಗದ ಇಡುವಾಗ ಅಭ್ಯಾಸದಂತೆ ಮೇಲಿನ ಸಾಲು ಓದಿದ. ಆಮೇಲೆ ಪೂರ್ತಿ ಓದಿದ. ಓದಿ ಮುಗಿಸಿ ಯಂತ್ರ ಆಫ್ ಮಾಡಿದ.

"ದಿಮಾಕು ಕೆಟ್ಟೈತೇನಬೇ ನಿಂಗ? ನಾ ಹೆಂಗೋ ಬದುಕಾಕತ್ತೀನಿ. ಇದ್ರಾಗ ನೀನೂ ಹಾಳಾಗ್ತಿ."

"ಆಗ್ಲಿ ಅಣ್ಣಾ. ಬೆಂಚು ಎಣಸ್ತೀನಿ."

"ಏನ್ ಬೆಂಚು?"

"ಅದೊಂದು ಕಥಿ ಐತಿ. ಮೊದ್ಲು ಮಷೀನ್ ಚಾಲೂ ಮಾಡು. ನೀ ಮಾಡ್ಲಿಲ್ಲಂದ್ರ ಎದುರಿನ ಅಂಗಡಿಯಾಗ ಮಾಡಸ್ತೀನಿ."

ಅವನು ನನ್ನ ಮುಖ ನೋಡಲಿಲ್ಲ. ಕಾಗದ ನೋಡುತ್ತಾ ಕೇಳಿದ: "ಅವತ್ತು ಯಾಕ ಗೊತ್ತಿಲ್ಲ ಅಂದಿ?"

ಇದನ್ನು ಅವನು ಇಷ್ಟು ದಿನ ಕೇಳಿರಲಿಲ್ಲ. ರಂಜಾನಿಗೆ ಕರೆದು ಊಟಕ್ಕೆ ಹಾಕಿದಾಗಲೂ ಕೇಳಿರಲಿಲ್ಲ. "ಕುರ್ಚಿ ಬೇಕಾಗಿತ್ತಣ್ಣಾ" ಅಂದೆ. ಬೇರೆ ಉತ್ತರ ಇರಲಿಲ್ಲ, ಹುಡುಕಲೂ ಇಲ್ಲ. ಅವನು ತಲೆ ಆಡಿಸಿ ಯಂತ್ರ ಚಾಲೂ ಮಾಡಿದ. ಮೂರು ಕಾಪಿ ಕೇಳಿದ್ದಕ್ಕೆ ನಾಲ್ಕು ತೆಗೆದ.

ಬಳ್ಳಾರಿ

ಬಳ್ಳಾರಿಯ ದೊಡ್ಡ ಆಫೀಸಿನಲ್ಲಿ ಕಾಗದ ಕೊಡುವ ಕಿಟಕಿ ಒಂದೇ. ಖಾಜಣ್ಣ ನನ್ನ ಜೊತೆ ಬಸ್ಸಿನಲ್ಲಿ ಬಂದ, ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಿಸಿದ. ಆಫೀಸಿನ ಗೇಟಿನ ಹತ್ತಿರ ಬಂದಾಗ ಮಾತ್ರ ಹಿಂದೆ ಉಳಿದ. ಕಪ್ಪುಪಟ್ಟಿಯವನು ಅಂತ ಅಲ್ಲಿಯ ಕಾವಲುಗಾರನಿಗೂ ಗೊತ್ತು ಅನ್ನುವ ಹಾಗೆ ಗೋಡೆಗೆ ಒರಗಿ ನಿಂತ.

ಕಿಟಕಿಯ ಒಳಗಿದ್ದ ಗುಮಾಸ್ತ ಕಾಗದ ತಿರುಗಿಸಿ ಮುರುಗಿಸಿ ನೋಡಿದ. "ಇದು ನೇರ ತಗೊಳ್ಳಾಕ ಬರಂಗಿಲ್ಲಮ್ಮ. ನಿಮ್ಮ ಸಾಹೇಬ್ರ ಮೂಲಕ ಬರ್ಬೇಕು. ಇಲ್ಲಿ ಕೆಳಗ ಅವ್ರ ಸಹಿ ಎಲ್ಲೈತಿ?"

ಮೂರು ವರ್ಷದಲ್ಲಿ ಆ ಸಹಿಯನ್ನು ನಾನು ಎಷ್ಟು ಸಲ ಹಾಕಿದ್ದೇನೋ ದೇವರೇ ಬಲ್ಲ. "ಅವ್ರ ಸಹಿ ಇನ್ನ ಮ್ಯಾಲೆ ನಾ ಹಾಕೂದಿಲ್ರಿ" ಅಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ.

"ಹಂಗಾದ್ರ ಯಾರ ಪರವಾಗಿ ಕೊಡಾಕತ್ತೀರಿ?"

"ಯಾರ ಪರವಾಗೂ ಅಲ್ಲ. ನಾ ಬರ್ದೀನಿ, ನಾ ಸಹಿ ಮಾಡೀನಿ. ಕೆಳಗ ನೋಡ್ರಿ, ಹುಲಿಗೆಮ್ಮ ಅಂತ ಐತಿ. ತಗೊಳ್ಳಂಗಿಲ್ಲ ಅಂದ್ರ, ತಗೊಳ್ಳಂಗಿಲ್ಲ ಅಂತ ಬರ್ದು ನಿಮ್ಮ ಸಹಿ ಹಾಕಿ ಕೊಡ್ರಿ."

ತನ್ನ ಸಹಿ ಅಂದ ಕೂಡಲೇ ಅವನ ಪೆನ್ನು ನಿಂತಿತು. ಹಿಂದಿದ್ದವರು ಗೊಣಗಿದರು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಅವನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ದೊಡ್ಡ ರಿಜಿಸ್ಟರು ತೆರೆದ. ಕಾಗದದ ಮೇಲೆ ಸೀಲು ಬಿತ್ತು. ನನ್ನ ಹೆಸರು ಬರೆದುಕೊಂಡ.

"ಇದ್ರಾಗ ಖಾಜಾ ಹುಸೇನ್ ಅಂತ ಐತಲ್ಲ, ಅಂವಾ ಯಾರು? ಎಲ್ಲದಾನ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಭುಜದ ಪಕ್ಕದಿಂದ ಒಂದು ಕೈ ಬಂದು ಕಿಟಕಿಯ ಹಲಗೆ ಹಿಡಿಯಿತು. ಖಾಜಣ್ಣ ಯಾವಾಗ ಗೇಟು ದಾಟಿ ಬಂದನೋ ನನಗೆ ಗೊತ್ತಿಲ್ಲ. ಅವನ ಇನ್ನೊಂದು ಕೈಯಲ್ಲಿ ಆ ನಾಲ್ಕನೆಯ ಕಾಪಿ ಇತ್ತು, ಅದರ ಖಾಲಿ ಜಾಗದಲ್ಲಿ ನೀಲಿ ಶಾಯಿಯಲ್ಲಿ ಅವನದೇ ನಾಲ್ಕು ಸಾಲು.

"ಖಾಜಾ ಹುಸೇನ್ ನಾನೇ. ಬರ್ಕೋರಿ. ಆ ಸಹಿ ಒತ್ತಿದ್ದು ನಾನು, ಒತ್ತು ಅಂದವ್ರು ಬ್ಯಾರೆ. ಇದಕ್ಕೂ ಸೀಲು ಹಾಕ್ರಿ."